ಅಕ್ಕಲಕೋಟೆಯ 42ಕ್ಕಿಂತ ಕಾಸರಗೋಡಿನ 33 ಯಾಕೆ ಕಷ್ಟ?

ಅಕ್ಕಲಕೋಟೆಯ 42 ಡಿಗ್ರಿಯಲ್ಲಿ ಆಗದ ಸುಸ್ತು ಕಾಸರಗೋಡಿನ 33ರಲ್ಲಿ ಯಾಕೆ ಅಂತ ಕೇಳಿದ್ದೀರಿ. ಗಾಳಿಯ ತೇವವೇ ಕಾರಣ.

ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಗೆ ಹೋಗುತ್ತದೆ. ನಿಮ್ಮೂರಿನ ಒಣ ಗಾಳಿ ಬೆವರನ್ನು ಕಣ್ಣಿಗೆ ಬೀಳುವ ಮೊದಲೇ ಹೀರಿಬಿಡುತ್ತದೆ. ಅಂಗಿಯ ಬೆನ್ನಿನಲ್ಲಿ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ, ಅಲ್ವಾ? ನಮ್ಮ ಏಪ್ರಿಲ್ ಸೆಖೆಯಲ್ಲಿ ಕಡಲ ಗಾಳಿಯೇ ಒದ್ದೆ. ಬೆವರು ಆರದೆ ಗಲ್ಲದಿಂದ ಸುಮ್ನೆ ತೊಟ್ಟಿಕ್ಕುತ್ತದೆ, ಪೂರಾ ದಂಡ. ಮೆದುಳಿನ ಹೈಪೋಥಲಾಮಸ್‌ಗೆ ಮಾತ್ರ ಮೈಯನ್ನು 37ರ ಆಸುಪಾಸಿನಲ್ಲೇ ಇಡಬೇಕು. ತಣಿಯಲಿಲ್ಲ ಅಂದರೆ ಇನ್ನಷ್ಟು ಬೆವರಿಸುತ್ತದೆ, ಚರ್ಮದ ಕಡೆಗೆ ರಕ್ತ ಜಾಸ್ತಿ ತಿರುಗಿಸುತ್ತದೆ. ಎದೆಬಡಿತ ಏರುತ್ತದೆ. ಸುಸ್ತು ಬರುವುದು ಇಲ್ಲಿಂದ.

ಫ್ಯಾನ್ ಕೆಳಗೆ ಕೂತರೆ ಮೈಗಂಟಿದ ಒದ್ದೆ ಗಾಳಿ ಸರಿದು ಬೆವರು ಆರುತ್ತದೆ. ಉಪ್ಪು ಹಾಕಿದ ಗಂಜಿತಿಳಿ ಕುಡಿಯಿರಿ (ಬಾಟಲಿ ಜ್ಯೂಸ್ ಬೇಡ). ಒಂದೆರಡು ವಾರದಲ್ಲಿ ಮೈ ಒಗ್ಗಿಕೊಳ್ಳುತ್ತದೆ, ಬೆವರಿನಲ್ಲಿ ಉಪ್ಪೂ ಕಡಿಮೆಯಾಗುತ್ತದೆ. ಯಾರಿಗಾದರೂ ಮೈ ಸುಡುತ್ತಾ ಮಾತು ತಡವರಿಸಿದರೆ, ಬೆವರುತ್ತಿದ್ದರೂ ಸರಿ, ತಣ್ಣೀರು ಸುರಿದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.