ಎಕ್ಸೆಲ್‌ನಲ್ಲಿ ಒಂದು ಸಾಲಿನ ಸೆಲ್‌ಗಳೆಲ್ಲ ಖಾಲಿ ಇವೆಯಾ ಅಂತ ಐಸ್‌ಬ್ಲಾಂಕ್‌ನಿಂದ ನೋಡುವುದು ಹೇಗೆ?

ಸೆಲ್ ಖಾಲಿಯಾ ಅಂತ ಹೇಳುವ ಐಸ್‌ಬ್ಲಾಂಕ್ (ISBLANK) ಫಾರ್ಮುಲಾಗೆ ಇಡೀ ಸಾಲು ಕೊಟ್ಟರೂ ಮೊದಲ ಸೆಲ್ ಒಂದನ್ನೇ ನೋಡುತ್ತಿದೆ ಅಂತ ಬರೆದಿದ್ದೀರಿ. ಓದಿದ ಕೂಡಲೇ ನನ್ನ ಹಳೆಯ ಶೀಟ್ ಕಣ್ಣ ಮುಂದೆ ಬಂತು.

ಆಗ ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಣದ್ರಾಕ್ಷಿ ಇಡುವ ಸ್ಟೋರೇಜ್. ಒಬ್ಬ ರೈತರ ಒಂದು ಲಾಟ್‌ಗೆ ಒಂದು ಸಾಲು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಾಲಂ, ಸಿ ಇಂದ ಎನ್ ತನಕ. ಆ ತಿಂಗಳು ಎಷ್ಟು ಬಾಕ್ಸ್ ಹೊರಗೆ ಹೋದವು ಅಂತ ಅಲ್ಲಿ ಬರೆಯುವುದು. ಹನ್ನೆರಡೂ ಖಾಲಿ ಇದ್ದರೆ ಓ ಕಾಲಂನಲ್ಲಿ 'ಪೂರ್ತಿ ಇದೆ' ಅಂತ ಬರಬೇಕು.

ನಾನು ಹಾಕಿದ ಫಾರ್ಮುಲಾ: =ಇಫ್(ಐಸ್‌ಬ್ಲಾಂಕ್(ಸಿ2:ಎನ್2),"ಪೂರ್ತಿ ಇದೆ","ಹೋಗಿದೆ"). ಹಳೆಯ ಎಕ್ಸೆಲ್, ವ್ಯಾಲ್ಯೂ ಎರರ್ ಬಂತು. ಕಂಟ್ರೋಲ್, ಶಿಫ್ಟ್, ಎಂಟರ್ ಮೂರೂ ಒಟ್ಟಿಗೆ ಒತ್ತು ಅಂತ ಯಾರೋ ಹೇಳಿದರು. ಒತ್ತಿದೆ. ಎರರ್ ಹೋಯ್ತು. ಅಲ್ಲೇ ತಪ್ಪಿದ್ದು. ಐಸ್‌ಬ್ಲಾಂಕ್ ಒಂದು ಉತ್ತರ ಕೊಡುವುದಿಲ್ಲ, ಪ್ರತಿ ಸೆಲ್‌ಗೂ ಒಂದರಂತೆ ಹನ್ನೆರಡು ಕೊಡುತ್ತದೆ. ಓ2 ಒಂದೇ ಸೆಲ್, ಅದರಲ್ಲಿ ಕಾಣುವುದು ಮೊದಲನೆಯದು ಮಾತ್ರ. ಮೊದಲನೆಯದು ಏಪ್ರಿಲ್. ಏಪ್ರಿಲ್‌ನಲ್ಲಿ ಮಾಲು ಇನ್ನೂ ಒಳಗೆ ಬರುತ್ತಿರುತ್ತದೆ, ಹೊರಗೆ ಹೋಗುವುದೇ ಇಲ್ಲ. ಹೀಗಾಗಿ ಜುಲೈನಲ್ಲಿ ಎಷ್ಟೇ ಹೋಗಿದ್ದರೂ 'ಪೂರ್ತಿ ಇದೆ'. ಎರರ್ ಇದ್ದಿದ್ದರೆ ನೋಡುತ್ತಿದ್ದೆ. ಎರರ್ ಇರಲಿಲ್ಲ, ಅದಕ್ಕೇ ನಂಬಿದೆ.

ಗಣೇಶ ಚೌತಿ ಮುಂದೆ ಟಿಕೋಟಾ ಕಡೆಯ ಕಾಕಾ ಒಬ್ಬರು ಫೋನ್ ಮಾಡಿದರು. 240 ಬಾಕ್ಸ್ ಅವರದ್ದು. ಶೀಟ್ ನೋಡಿ ಪೂರ್ತಿ ಇದೆ ಅಂದೆ. ಅವರು ಅಷ್ಟಕ್ಕೂ ವ್ಯಾಪಾರ ಕುದುರಿಸಿ ಗಾಡಿ ತಂದರು. ಒಳಗೆ ಇದ್ದದ್ದು 90. "ತಮ್ಮಾ, ನೀನ ಹೇಳಿದ್ದಿ ಎಲ್ಲಾ ಅದಾವು ಅಂತ. ಉಳಿದವು ಎಲ್ಲಿ ಹೋದವು?" ಗೇಟ್ ಪಾಸ್ ಪುಸ್ತಕ ತೆಗೆದೆವು. ಜುಲೈನಲ್ಲಿ 150 ಬಾಕ್ಸ್, ಕೆಳಗೆ ಅವರ ದೊಡ್ಡ ಮಗನ ಸಹಿ. ಕಾಕಾ ಆ ಸಹಿಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ವ್ಯಾಪಾರ ಮುರಿಯಿತು. ಗಾಡಿ ಬಾಡಿಗೆ ನನ್ನ ಸಂಬಳದಲ್ಲಿ ಹಿಡಿದರು. ಅದಕ್ಕಿಂತ ಜಾಸ್ತಿ ನೋವಾಗಿದ್ದು, ಎಲ್ಲರ ಎದುರು ಅವರಿಗೆ ಮಗನ ವಿಷಯ ಹಾಗೆ ಗೊತ್ತಾಗಿದ್ದು.

ಆದ್ದರಿಂದ ಐಸ್‌ಬ್ಲಾಂಕ್ ಬಿಡಿ. ಎಲ್ಲವೂ ನಿಜವಾದರೆ ಮಾತ್ರ ನಿಜ ಅನ್ನುವ ಆಂಡ್ (AND) ಒಳಗೆ ಅದನ್ನು ಹಾಕಿದರೆ ಸಾಲು ಪೂರ್ತಿ ನೋಡುತ್ತದೆ ನಿಜ, ಆದರೆ ಹಳೆಯ ಎಕ್ಸೆಲ್‌ನಲ್ಲಿ ಮತ್ತೆ ಆ ಮೂರು ಕೀ ಬೇಕು. =ಕೌಂಟ್‌ಎ(ಸಿ2:ಎನ್2)=0 ಸಾಕು. ಏನಾದರೂ ಇರುವ ಸೆಲ್ ಎಷ್ಟು ಅಂತ ಎಣಿಸುತ್ತದೆ, ಸೊನ್ನೆ ಬಂದರೆ ಎಲ್ಲ ಖಾಲಿ. ಒಂದು ಎಚ್ಚರಿಕೆ: ಸೆಲ್‌ನಲ್ಲಿ "" ಕೊಡುವ ಫಾರ್ಮುಲಾ ಇದ್ದರೆ, ಅಥವಾ ಯಾರಾದರೂ ಸುಮ್ನೆ ಸ್ಪೇಸ್ ಒತ್ತಿದ್ದರೆ, ಕಣ್ಣಿಗೆ ಖಾಲಿ ಕಂಡರೂ ಕೌಂಟ್‌ಎ ಅದನ್ನೂ ಎಣಿಸುತ್ತದೆ. ಅಲ್ಲಿ =ಸಮ್‌ಪ್ರಾಡಕ್ಟ್(--(ಲೆನ್(ಟ್ರಿಮ್(ಸಿ2:ಎನ್2))>0))=0 ಹಾಕಿ, ಇದು ಸ್ಪೇಸ್ ತೆಗೆದ ಮೇಲೂ ಏನಾದರೂ ಉಳಿಯುವ ಸೆಲ್ ಮಾತ್ರ ಎಣಿಸುತ್ತದೆ.

ಆದರೆ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನ್ನಿಸುವುದಿಲ್ಲ. ಖಾಲಿ ಸೆಲ್‌ನಿಂದ ಅರ್ಥ ತೆಗೆಯಲೇಬಾರದು. ಏನೂ ಹೋಗಿಲ್ಲವೋ, ಬರೆಯೋದು ಮರೆತಿದೆಯೋ, ಹೇಗೆ ಗೊತ್ತಾಗಬೇಕು? ನಾನೀಗ ತಿಂಗಳು ಮುಗಿದ ದಿನ, ಮಾಲು ಹೋಗದ ಸಾಲಿಗೆಲ್ಲ 0 ಬರೆಯುತ್ತೇನೆ. ಮುಗಿದ ತಿಂಗಳುಗಳಿಗೆ ಕೌಂಟ್ ಹಾಕುತ್ತೇನೆ, ಅದು ಸಂಖ್ಯೆ ಮಾತ್ರ ಎಣಿಸುತ್ತದೆ. ನಾಲ್ಕು ತಿಂಗಳಾಗಿ ಮೂರು ಬಂದರೆ ಆ ಸಾಲು ಕೆಂಪಾಗುವಂತೆ ಇಟ್ಟಿದ್ದೇನೆ. ಕೆಂಪು ಸಾಲಿನ ರೈತರು ಫೋನ್ ಮಾಡಿದರೆ, ಗೇಟ್ ಪಾಸ್ ಪುಸ್ತಕ ತೆಗೆದು ನೋಡಿದ ಮೇಲೆಯೇ ಬಾಕ್ಸ್ ಎಷ್ಟು ಅಂತ ಹೇಳುತ್ತೇನೆ.