ಓದುಗರ ಪ್ರಶ್ನೆ: ಬಂಗಲೆಯ ಬೆತ್ತದ ಕುರ್ಚಿ

ಪ್ರಶ್ನೆ: ಕೋಲಾರ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಾತ, ಅಧಿಕಾರಿಯೊಬ್ಬರ ಬಂಗಲೆಯ ಸಾಮಾನು ಹರಾಜಾದಾಗ ಕೊಂಡುತಂದ ಬೆತ್ತದ ಕುರ್ಚಿಯೊಂದು ನಮ್ಮಲ್ಲಿದೆ. ಅದರ ಉದ್ದನೆಯ ಕೈಗಳ ಅಡಿಯಿಂದ ಇನ್ನೊಂದು ಜೊತೆ ಹಲಗೆ ಮುಂದಕ್ಕೆ ತಿರುಗಿ ಬರುತ್ತದೆ. ಈಗ ಬೆತ್ತ ನಡುವೆ ಹರಿದಿದ್ದು, ಪ್ಲೈವುಡ್ ಹೊಡೆದು ದಿಂಬು ಹಾಕಿದರೆ ಸಾಕೆಂದು ಬಡಗಿ ಹೇಳುತ್ತಾರೆ. ಏನು ಮಾಡಬೇಕು? ಇದರ ಹಿನ್ನೆಲೆಯೇನು?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ದಯವಿಟ್ಟು ಪ್ಲೈವುಡ್ ಹೊಡೆಸಬೇಡಿ. ಕೈಯಲ್ಲಿ ಹೆಣೆದ ಕುರ್ಚಿಯ ಚೌಕಟ್ಟಿನಲ್ಲಿ ಬೆತ್ತ ಪೋಣಿಸಲು ಸಾಲಾಗಿ ರಂಧ್ರಗಳಿರುತ್ತವೆ; ಆ ಸಾಲಿನ ಪಕ್ಕದಲ್ಲೇ ಮೊಳೆ ಬಿದ್ದರೆ ಹಳೆಯ ಮರ ಎಳೆಯುದ್ದಕ್ಕೂ ಸೀಳುತ್ತದೆ, ಆಮೇಲೆ ಅದಕ್ಕೆ ಮತ್ತೆ ಬೆತ್ತ ಹಾಕಿಸುವುದು ಕಷ್ಟ.

ನಿಮ್ಮದು ಪ್ಲಾಂಟರ್ಸ್ ಚೇರು. ಕೊಡಗು, ಚಿಕ್ಕಮಗಳೂರು, ಸಿಲೋನಿನ ತೋಟದ ಬಂಗಲೆಗಳ ಜಗಲಿಗಳಲ್ಲಿ ದೊರೆಗಳು ದಿನದ ಕೆಲಸ ಮುಗಿಸಿ ಬಂದು, ಆ ತಿರುಗುವ ಹಲಗೆಗಳ ಮೇಲೆ ಕಾಲು ಚಾಚಿ ಒರಗುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಇಂಗ್ಲೆಂಡಿನಿಂದ ಬಂದ ಇಂಜಿನಿಯರುಗಳಿಗೂ ಬಂಗಲೆಗಳು ಎದ್ದವು. ಶಿವನಸಮುದ್ರದ ವಿದ್ಯುತ್ತು ಗಣಿಗೆ ತಲುಪಿದ್ದು 1902ರಲ್ಲಿ. ವಿದ್ಯುತ್ ಪಂಖವಿಲ್ಲದ ಕಾಲದಲ್ಲಿ ಬೆನ್ನಿಗೂ ತೊಡೆಗೂ ಗಾಳಿಯಾಡಲು ಬಿಡುವ ಬೆತ್ತದ ಹೆಣಿಗೆಯೇ ಬೇಸಿಗೆಯ ನೆಮ್ಮದಿಯಾಗಿತ್ತು. ದಿಂಬು ಹಾಕಿದರೆ ಆ ಗುಣವೇ ಹೋಗುತ್ತದೆ. ಬೆತ್ತ ನಮ್ಮ ಏಷ್ಯಾದ ಕಾಡಿನ ಬಳ್ಳಿ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಗಳ ಹಡಗುಗಳಲ್ಲಿ ಯೂರೋಪಿಗೆ ಹೋಗಿ, 1660ರ ದಶಕದ ನಂತರ ಲಂಡನ್ನಿನಲ್ಲಿ ಬೆತ್ತದ ಕುರ್ಚಿಗಳು ಬಹಳ ಬೇಡಿಕೆ ಪಡೆದವು.

ಕುರ್ಚಿಯನ್ನು ಮಗುಚಿ ನೋಡಿ. ರಂಧ್ರಗಳ ಬದಲು ಉದ್ದಕ್ಕೂ ಮರದಲ್ಲಿ ಕೊರೆದ ಒಂದು ತೋಡಿದ್ದು, ಅದರೊಳಗೆ ಬೆತ್ತದ ಪಟ್ಟಿ ಒತ್ತಿ ಅಂಟಿಸಿದ್ದರೆ, ಅದು ಮೊದಲೇ ನೇಯ್ದ ಹಾಳೆ ಕೂರಿಸಿದ್ದು. ರಂಧ್ರಗಳಿದ್ದರೆ ಕೈ ಹೆಣಿಗೆ: ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಓರೆಯಾಗಿ ಎರಡು, ಹೀಗೆ ಆರು ಸುತ್ತು ಸೇರಿ ಎಂಟು ಮೂಲೆಯ ಕಣ್ಣುಗಳಾಗುತ್ತವೆ. ಕೈ ಹೆಣಿಗೆ ಇಂದಿಗೂ ನಡೆಯುವುದರಿಂದ ಅದೊಂದರಿಂದಲೇ ವಯಸ್ಸು ಹೇಳಲಾಗದು. ಜೋಡಣೆಯ ಹಳೆಯ ತಿರುಪುಗಳ ತುದಿಯನ್ನೂ ಪರೀಕ್ಷಿಸಿ. ಮೊಂಡು ತುದಿಯವು ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನವು, ಚೂಪು ತುದಿಯವು ಆ ನಂತರದವು.

ಬೆತ್ತ ಹೆಣೆಯುವವರನ್ನು ಹುಡುಕಿ, ಹರಿದಿರುವ ಭಾಗವನ್ನು ಪೂರ್ತಿ ಹೊಸದಾಗಿ ಕಟ್ಟಿಸಿ, ತೇಪೆ ನಿಲ್ಲದು. ಎಷ್ಟೋ ವರ್ಷ ಅಂಧರ ಶಾಲೆಗಳಲ್ಲಿ ಈ ಕೆಲಸ ಕಲಿಸುತ್ತಿದ್ದರು, ಬೆರಳುಗಳಿಂದಲೇ ಹೆಣಿಗೆಯನ್ನು ಓದಬಲ್ಲ ಅಂಥವರ ಕೈಗೆ ಸಿಕ್ಕರೆ ಕುರ್ಚಿಯ ಪುಣ್ಯ. ನೈಲಾನ್ ದಾರ ಬೇಡವೆಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ನಮ್ಮ ಕುರ್ಚಿಯ ಬೆತ್ತ ಹರಿದಿಲ್ಲ, ಜೋತುಬಿದ್ದಿದೆ. ವಾರ್ನಿಷ್ ಹೊಡೆದರೆ ಬಿಗಿಯಾಗುವುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಆಗುವುದಿಲ್ಲ. ಬೆತ್ತದ ಮೇಲ್ಮೈ ನುಣುಪಾಗಿದ್ದು ನೀರು ಹೀರದು, ಒಳಮೈ ಹೀರುತ್ತದೆ. ಆದ್ದರಿಂದ ಕುರ್ಚಿಯನ್ನು ಮಗುಚಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಅಡಿಭಾಗವನ್ನು ಚೆನ್ನಾಗಿ ತೇವಗೊಳಿಸಿ, ಮರಕ್ಕೆ ನೀರು ತಾಗದಂತೆ ಒರೆಸಿ, ರಾತ್ರಿಯಿಡೀ ನೆರಳಿನಲ್ಲಿ ಒಣಗಲು ಬಿಡಿ. ಒಣಗುತ್ತಾ ಬೆತ್ತ ಕುಗ್ಗಿ ಬಿಗಿಯಾಗುತ್ತದೆ. ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು.