ಮನೆ ಕಟ್ಟುವಾಗ ‘ಪರಿಸರಸ್ನೇಹಿ’ ಸಾಮಗ್ರಿ ಬಳಸಿದರೆ ನಿಜವಾಗಿ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ತಿಪಟೂರಿನ ಹತ್ತಿರ ಸಾವಿರ ಚದರಡಿಯ ಮನೆ ಕಟ್ಟಲು ಹೊರಟಿದ್ದೀರಿ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವ ಸುದ್ದಿ ಓದಿ ಮನಸ್ಸಿಗೆ ಕಸಿವಿಸಿ. ಅಂಗಡಿಗೆ ಹೋದರೆ ಮೂಟೆ ಮೇಲೆ, ಬಣ್ಣದ ಡಬ್ಬದ ಮೇಲೆ, ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರ. ಮಣ್ಣಿನ ಬ್ಲಾಕಿನ ಮಾತೆತ್ತಿದರೆ ಮೇಸ್ತ್ರಿ ‘ಮಳೆಗೆ ನಿಲ್ಲಲ್ಲ ಸಾರ್’ ಅನ್ನುತ್ತಾರೆ. ಇದರಲ್ಲಿ ವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು ಎಂದು ಕೇಳಿದ್ದೀರಿ. ಇಪ್ಪತ್ತು ವರ್ಷದ ಮೇಲಾಯಿತು, ನಾನು ಸೈಟಿನಲ್ಲಿ ನಿಂತು ಮನೆ ಕಟ್ಟಿಸುತ್ತಾ ಬಂದಿದ್ದೇನೆ. ನಮ್ಮ ಸ್ವಂತ ಮನೆ ಮಣ್ಣಿನ ಬ್ಲಾಕಿನದು. ತಿಳಿದಷ್ಟನ್ನು ಬರೆಯುತ್ತೇನೆ.

ವ್ಯತ್ಯಾಸ ಖಂಡಿತ ಆಗುತ್ತದೆ. ಆದರೆ ಎಲೆಯ ಚಿತ್ರ ನೋಡಬೇಡಿ. ಯಾವ ಸಾಮಗ್ರಿ ಕೊಂಡರೂ ಒಂದು ಪ್ರಶ್ನೆ ಕೇಳಿ: ಇದು ನನ್ನ ಸೈಟಿಗೆ ಬರುವ ಮೊದಲು ಎಷ್ಟು ಬೆಂಕಿ ಉಂಡಿದೆ? ಕಳೆದ ಹತ್ತಿಪ್ಪತ್ತು ವರ್ಷಗಳಲ್ಲಿ ಈ ವಿಷಯದಲ್ಲಿ ನಡೆದ ಒಳ್ಳೆಯ ಸಂಶೋಧನೆಗಳಲ್ಲಿ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಹತ್ತಿರವೇ.

ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಭೂಮಿಯ ಸರಾಸರಿ ತಾಪಮಾನ 1850–1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಅಳತೆ ಇಡಲು ಶುರು ಮಾಡಿದ ಮೇಲೆ ಅಲ್ಲಿಯವರೆಗೆ ಅಷ್ಟು ಬಿಸಿಯ ವರ್ಷ ಬಂದಿರಲಿಲ್ಲ. ಅದೇ ವರ್ಷ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 423.9 ಭಾಗ ಇತ್ತು. ಕಾರ್ಖಾನೆಗಳು ಬರುವ ಮುಂಚೆ ಅದು 280ರ ಆಸುಪಾಸಿನಲ್ಲಿತ್ತು. ಹಿಂದಿನ ವರ್ಷಕ್ಕಿಂತ ಒಮ್ಮೆಗೇ 3.5 ಏರಿದ್ದು, 1957ರಲ್ಲಿ ಆಧುನಿಕ ಅಳತೆ ಶುರುವಾದ ಮೇಲಿನ ಅತಿ ದೊಡ್ಡ ಏರಿಕೆ. ಜಗತ್ತು ಹೊರಬಿಡುವ ಈ ಅನಿಲದಲ್ಲಿ ಸಿಮೆಂಟಿನದೇ ನೂರಕ್ಕೆ ಏಳೆಂಟು ಪಾಲು. ಚೀನಾ ಬಿಟ್ಟರೆ ಅತಿ ಹೆಚ್ಚು ಸಿಮೆಂಟ್ ತಯಾರಿಸುವವರು ನಾವೇ. ಹಾಗಾಗಿ ಇದು ದೂರದ ದೇಶದವರ ಸಮಸ್ಯೆ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಸಿಮೆಂಟಿಗೆ ಯಾಕೆ ಅಷ್ಟೊಂದು? ಸುಣ್ಣದ ಗೂಡು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆ ಆಚೆ ಒಂದು ಗೂಡಿತ್ತು. ಸುಣ್ಣದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹಾಕುವಾಗ ಭಾರ, ಸುಟ್ಟ ಮೇಲೆ ಅದೇ ಬುಟ್ಟಿ ಹಗುರ. ಆ ಕಳೆದ ತೂಕ ಎಲ್ಲಿ ಹೋಯಿತು ಅಂತ ಆಗ ಗೊತ್ತಿರಲಿಲ್ಲ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಸಿಗುವುದು 56 ಕಿಲೋ ಸುಣ್ಣ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸಿಮೆಂಟ್ ಕಾರ್ಖಾನೆಯಲ್ಲೂ ನಡೆಯುವುದು ಇದೇ. ಅಲ್ಲಿ ಕಲ್ಲಿಗೆ ಜೇಡಿ ಸೇರಿಸಿ ಸುಮಾರು 1450 ಡಿಗ್ರಿಯಲ್ಲಿ ಸುಡುತ್ತಾರೆ, ಉಂಡೆ ಉಂಡೆಯಾಗಿ ಹೊರಬರುವ ಅದನ್ನು ಕ್ಲಿಂಕರ್ ಅನ್ನುತ್ತಾರೆ. ಅದನ್ನು ನುಣ್ಣಗೆ ಪುಡಿ ಮಾಡಿದರೆ ಸಿಮೆಂಟು. ಕಾರ್ಖಾನೆಯ ಒಟ್ಟು ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿದ್ದಲಿನಿಂದಲ್ಲ, ಆ ಕಲ್ಲಿನ ಒಳಗಿನಿಂದಲೇ. ಒಲೆಗೆ ಸೌರವಿದ್ಯುತ್ ಕೊಟ್ಟರೂ ಅದು ತಪ್ಪುವುದಿಲ್ಲ. ‘ನಮ್ಮ ಕಾರ್ಖಾನೆ ಸೋಲಾರಿನಲ್ಲಿ ನಡೆಯುತ್ತದೆ’ ಎಂಬ ಜಾಹೀರಾತು ಕಂಡಾಗ ಇದು ನೆನಪಿರಲಿ.

ಈಗ ನಿಮ್ಮ ಮನೆಯ ಲೆಕ್ಕ. ಸಾವಿರ ಚದರಡಿಗೆ ಸಾಧಾರಣವಾಗಿ 400 ಮೂಟೆ ಅಂತ ನಾವು ಅಂದಾಜು ಹಿಡಿಯುತ್ತೇವೆ. ಒಪಿಸಿ ಅನ್ನುವ ಸಾದಾ ಸಿಮೆಂಟ್ ಬಹುಪಾಲು ಕ್ಲಿಂಕರ್. ಅದರ 50 ಕಿಲೋದ ಒಂದು ಮೂಟೆಯ ಹಿಂದೆ ಸುಮಾರು 40 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಅಂದರೆ ಗೃಹಪ್ರವೇಶದ ಹೊತ್ತಿಗೆ ಸಿಮೆಂಟಿನದೇ 16 ಟನ್. ಇದನ್ನು ಇಳಿಸಲು ಅತಿ ಸುಲಭದ ದಾರಿ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ನಿಮ್ಮೂರ ಅಂಗಡಿಯಲ್ಲೇ ಇದೆ. ಒಪಿಸಿ ಬದಲು ಪಿಪಿಸಿ ಕೇಳಿ. ಅದರಲ್ಲಿ ನೂರಕ್ಕೆ 35ರವರೆಗೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇರಬಹುದು. ಪಿಎಸ್‌ಸಿ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಕಬ್ಬಿಣ ಕರಗಿಸುವ ಕುಲುಮೆಯ ಸ್ಲ್ಯಾಗ್, ಅಂದರೆ ಕಿಟ್ಟ, ನೂರಕ್ಕೆ 25ರಿಂದ 70ರವರೆಗೆ ಇರುತ್ತದೆ. ನಮ್ಮ ರಾಜ್ಯದಲ್ಲೇ ರಾಯಚೂರಿನ ಶಕ್ತಿನಗರದಲ್ಲಿ ಬೂದಿ, ತೋರಣಗಲ್ಲಿನಲ್ಲಿ ಸ್ಲ್ಯಾಗ್ ರಾಶಿ ರಾಶಿ ಬೀಳುತ್ತದೆ. ಪಿಪಿಸಿ ಒಂದನ್ನೇ ಬಳಸಿದರೂ ನಿಮ್ಮ 16 ಟನ್ನಿನಲ್ಲಿ ನಾಲ್ಕೈದು ಟನ್ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪಿಪಿಸಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ ನೀರು ಹಾಕಬೇಕು ಅಂದರೆ ಇದಕ್ಕೆ ಕನಿಷ್ಠ ಹತ್ತು ದಿನ. ನಾಲ್ಕನೇ ದಿನಕ್ಕೆ ನೀರು ನಿಲ್ಲಿಸಿ ‘ಪಿಪಿಸಿ ಸರಿಯಿಲ್ಲ’ ಎಂದು ಬೈಯುವವರನ್ನು ನಾನು ಎಷ್ಟೋ ಸೈಟಿನಲ್ಲಿ ನೋಡಿದ್ದೇನೆ. ತಾರಸಿ ಮೇಲೆ ಗಾರೆಯಲ್ಲಿ ಸಣ್ಣ ಸಣ್ಣ ಬದು ಕಟ್ಟಿಸಿ ನೀರು ನಿಲ್ಲಿಸಿ. ಗೋಡೆ, ಪಿಲ್ಲರಿಗೆ ಗೋಣಿಚೀಲ ಸುತ್ತಿಸಿ ನೆನೆಸಿಡಿ.

ಆದರೆ ಕಲ್ಲಿದ್ದಲು ಸುಡುವುದು ನಿಂತ ದಿನ ಹಾರುಬೂದಿಯೂ ನಿಲ್ಲುತ್ತದೆ, ನಿಲ್ಲಬೇಕು ಕೂಡ. ಆಮೇಲೆ ಏನು ಎಂಬುದಕ್ಕೆ ಉತ್ತರವಾಗಿ ಬಂದ ಸಂಶೋಧನೆಯಲ್ಲಿ ನನಗೆ ಅತಿ ಹೆಚ್ಚು ಭರವಸೆ ಹುಟ್ಟಿಸಿದ್ದು ಎಲ್‌ಸಿ3. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕ್ಯಾರೆನ್ ಸ್ಕ್ರಿವನರ್ ಅವರ ತಂಡ, ಕ್ಯೂಬಾದ ವಿಜ್ಞಾನಿಗಳು, ನಮ್ಮ ದೆಹಲಿ ಮತ್ತು ಮದ್ರಾಸ್ ಐಐಟಿಯವರು ಸೇರಿ ರೂಪಿಸಿದ ಸಿಮೆಂಟಿದು. ಕ್ಲಿಂಕರ್ ನೂರಕ್ಕೆ 50 ಪಾಲು ಮಾತ್ರ. 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದೆ ಹಾಗೇ ಪುಡಿ ಮಾಡಿದ ಸುಣ್ಣದ ಕಲ್ಲು, 5 ಪಾಲು ಜಿಪ್ಸಮ್. ಜೇಡಿಯನ್ನು 700ರಿಂದ 850 ಡಿಗ್ರಿಯಲ್ಲಿ ಸುಟ್ಟರೆ ಸಾಕು, ಅದರೊಳಗಿಂದ ಹೊರಡುವುದು ನೀರಿನ ಆವಿ. ಇಂಗಾಲದ ಲೆಕ್ಕದಲ್ಲಿ ಸಾದಾ ಸಿಮೆಂಟಿಗಿಂತ ನೂರಕ್ಕೆ 30–40 ಕಡಿಮೆ. ಅದಕ್ಕೆ ಉತ್ತಮ ದರ್ಜೆಯ ಜೇಡಿ ಬೇಕಾಗಿಲ್ಲ. ಪಿಂಗಾಣಿಯವರು ಬೇಡವೆಂದು ಗಣಿಯ ಪಕ್ಕ ಸುರಿದ ಜೇಡಿಯಲ್ಲಿ ಕಾಯೋಲಿನೈಟ್ ಎಂಬ ಖನಿಜ ನೂರಕ್ಕೆ 40 ಇದ್ದರೂ ನಡೆಯುತ್ತದೆ. ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಮಾನದಂಡ ಕೊಟ್ಟಿದೆ. ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಸಿಗದಿದ್ದರೆ ಪಿಎಸ್‌ಸಿ, ಪಿಪಿಸಿ ಇದ್ದೇ ಇದೆ.

ಇನ್ನೂ ಕೆಲವು ಸುದ್ದಿ ನೀವು ಓದಿರಬಹುದು. ಒಡೆದ ಕಟ್ಟಡದ ಹಳೇ ಸಿಮೆಂಟನ್ನು ಉಕ್ಕು ಕರಗಿಸುವ ವಿದ್ಯುತ್ ಕುಲುಮೆಗೆ ಸುಣ್ಣದ ಬದಲು ಹಾಕಿ, ಮತ್ತೆ ಕ್ಲಿಂಕರ್ ಆಗಿ ಹೊರತೆಗೆಯಬಹುದು ಎಂದು ಕೇಂಬ್ರಿಡ್ಜಿನವರು 2024ರಲ್ಲಿ ತೋರಿಸಿದರು. 2025ರ ಜನವರಿಯಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ, ಜಗತ್ತಿನ ಕಟ್ಟಡ ಸಾಮಗ್ರಿಗಳಲ್ಲೇ ವರ್ಷಕ್ಕೆ 1600 ಕೋಟಿ ಟನ್ನಿನಷ್ಟು ಇಂಗಾಲದ ಡೈಆಕ್ಸೈಡನ್ನು ಕೂಡಿಡಲು ಸಾಧ್ಯ ಎಂದಿತು. ಇಂಗಾಲ ಹೀರಿದ ಜಲ್ಲಿ, ಮರ, ಬೆಳೆಯ ಉಳಿಕೆ ಇವೆಲ್ಲ ಅದರಲ್ಲಿ ಸೇರಿವೆ. ಬಹಳ ದೊಡ್ಡ ವಿಷಯಗಳೇ. ಆದರೆ ನೀವು ಪಾಯ ತೋಡುವ ಹೊತ್ತಿಗೆ ಇವು ತಿಪಟೂರಿಗೆ ಬರುವುದಿಲ್ಲ.

ನಮ್ಮ ಹತ್ತಿರವೇ ಹುಟ್ಟಿ, ನಾವೇ ಮರೆತ ಸಂಶೋಧನೆಗೆ ಬರುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಶುರು ಮಾಡಿದರು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅದೇ ಅಸ್ತ್ರದಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಬ್ಲಾಕ್ ಮಾಡುವ ವಿದ್ಯೆಯನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಒಂದು ಗೋಡೆಯ ಹಿಂದೆ ಎಷ್ಟು ಶಕ್ತಿ ಖರ್ಚಾಗಿದೆ ಎಂದು ಇವರಿಬ್ಬರೂ 2003ರಲ್ಲಿ ಪ್ರಕಟಿಸಿದ ಲೆಕ್ಕ ಇವತ್ತಿಗೂ ಜಗತ್ತಿನಾದ್ಯಂತ ಉಲ್ಲೇಖವಾಗುತ್ತದೆ. ಗೂಡಿನಲ್ಲಿ ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯಲ್ಲಿ ಕಾಲು ಭಾಗ ಸಾಕು ಮಣ್ಣು-ಸಿಮೆಂಟ್ ಬ್ಲಾಕಿಗೆ. ಇಂಥ ಸಾಮಗ್ರಿಗಳನ್ನು ಸೇರಿಸಿ ಕಟ್ಟಿದರೆ, ಗೋಡೆಯೇ ಭಾರ ಹೊರುವ ಮನೆಯ ಒಟ್ಟು ಶಕ್ತಿಯ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಕಾರಣ ಸರಳ, ಈ ಬ್ಲಾಕನ್ನು ಸುಡುವುದೇ ಇಲ್ಲ.

ನಿಮ್ಮ ಮೇಸ್ತ್ರಿಯ ಮಾತನ್ನೂ ತಳ್ಳಿಹಾಕಬೇಡಿ. ಅವರು ಕೆಟ್ಟ ಬ್ಲಾಕ್ ನೋಡಿರುತ್ತಾರೆ. ನಾನೂ ಮಾಡಿದ್ದೇನೆ. ನಮ್ಮ ಮನೆಗೆ ಮೊದಲು ಒತ್ತಿದ ಮುನ್ನೂರು ಬ್ಲಾಕಿಗೆ ಕೆಳಗಿನ ಹೊಲದ ಮಣ್ಣು ತಂದಿದ್ದೆವು. ನೋಡಲು ಕೆಂಪಗೇ ಇತ್ತು, ಆದರೆ ಒಳಗೆ ಎರೆಮಣ್ಣು ಬೆರೆತಿತ್ತು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹದಿನೈದು ದಿನ ಹುಲ್ಲು ಹೊದೆಸಿ ನೀರು ಚಿಮುಕಿಸಿ ಜೋಪಾನ ಮಾಡಿದ್ದ ಸಾಲಿನ ಮೇಲೆ ಒಂದು ರಾತ್ರಿ ಜೋರು ಮಳೆ ಬಿತ್ತು. ಬೆಳಿಗ್ಗೆ ಹೋಗಿ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ನೆನೆದ ಬಿಸ್ಕತ್ತಿನ ಹಾಗೆ ಉದುರಿತು. ಮುನ್ನೂರನ್ನೂ ಒಡೆದು ಪಾಯದೊಳಗೆ ತುಂಬಿಸಿದೆವು. ಅಪ್ಪ ಏನೂ ಅನ್ನಲಿಲ್ಲ. ಮೇಲಿನ ಹೊಲದ ದಿಣ್ಣೆಯ ಮಣ್ಣು ಒಂದು ಹಿಡಿ ತಂದು ನನ್ನ ಅಂಗೈಗೆ ಹಾಕಿ ‘ಇದನ್ನ ನೋಡು’ ಅಂದರು. ಉಜ್ಜಿದರೆ ಗರಗರ ಅನ್ನುತ್ತಿತ್ತು. ಮನೆ ನಿಂತಿರುವುದು ಆ ಮಣ್ಣಿನಲ್ಲಿ. ಹೊರಗೋಡೆಗೆ ಪ್ಲಾಸ್ಟರಿಂಗ್ ಇಲ್ಲ, ಸಂದಿಗೆ ಪಾಯಿಂಟಿಂಗ್ ಮಾತ್ರ. ಹದಿಮೂರು ಮಳೆಗಾಲ ಕಂಡಿದೆ.

ಹಾಗಾಗಿ ಮಣ್ಣು ನೋಡದೆ ಹೆಜ್ಜೆ ಇಡಬೇಡಿ. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತದೆ, ಅದನ್ನು ತೆಗೆದು ತೋಟಕ್ಕೆ ಹಾಕಿ. ಕೆಳಗಿನ ಮಣ್ಣಿನಲ್ಲಿ ಜೇಡಿ ನೂರಕ್ಕೆ ಹತ್ತು ಹದಿನೈದರ ಒಳಗಿದ್ದರೆ ಸಿಮೆಂಟ್ ಚೆನ್ನಾಗಿ ಹಿಡಿಯುತ್ತದೆ. ಹೆಚ್ಚಿದ್ದರೆ ಮರಳು ಅಥವಾ ಕ್ರಷರ್ ಪುಡಿ ಬೆರೆಸಿ ಹದಕ್ಕೆ ತನ್ನಿ. ಪೂರ್ತಿ ಎರೆ ಆದರೆ ಈ ಆಸೆ ಬಿಡುವುದು ಒಳ್ಳೆಯದು. ಸಿಮೆಂಟ್ ತೂಕದಲ್ಲಿ ನೂರಕ್ಕೆ ಏಳು ಪಾಲು ಹಾಕಿದರೆ ಒಂದು ಮೂಟೆಗೆ ತೊಂಬತ್ತರ ಆಸುಪಾಸು ಬ್ಲಾಕ್ ಬರುತ್ತದೆ. ನೆರಳಲ್ಲಿ ಜೋಡಿಸಿ, ಹುಲ್ಲು ಹೊದೆಸಿ, ಮೂರರಿಂದ ನಾಲ್ಕು ವಾರ ನೆನೆಸಿ. ಕಟ್ಟುವ ಮೊದಲು ಎರಡು ಬ್ಲಾಕನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟು, ಹಸಿಯಾಗಿರುವಾಗಲೇ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒತ್ತಿಸಿ ನೋಡಿ. ಒಣಗಿದ ಬ್ಲಾಕ್ ಎಲ್ಲರಿಗೂ ಗಟ್ಟಿಯಾಗಿಯೇ ಕಾಣುತ್ತದೆ, ಲೆಕ್ಕಕ್ಕೆ ಬರುವುದು ಒದ್ದೆಯಾದಾಗಿನ ಬಲ.

ತಾರಸಿಯ ಬಗ್ಗೆಯೂ ಎರಡು ಮಾತು. ಆರ್‌ಸಿಸಿಯಲ್ಲಿ ಕೆಳಭಾಗದ ಎಳೆತವನ್ನು ತಡೆಯುವುದು ಕಂಬಿ. ಅಲ್ಲಿನ ಕಾಂಕ್ರೀಟು ಹೆಚ್ಚುಕಡಿಮೆ ಜಾಗ ತುಂಬಲು ಮಾತ್ರ. ಆ ಜಾಗಕ್ಕೆ ಮಂಗಳೂರು ಹಂಚು ಇಟ್ಟು ಮೋಲ್ಡ್ ಹಾಕುವ ಫಿಲ್ಲರ್ ಸ್ಲ್ಯಾಬ್ ಪದ್ಧತಿಯನ್ನು ಕೇರಳದಲ್ಲಿ ಲಾರಿ ಬೇಕರ್ ಮನೆಮನೆಗೆ ಮುಟ್ಟಿಸಿದರು. ಕಾಂಕ್ರೀಟ್ ಉಳಿಯುತ್ತದೆ, ಭಾರ ಇಳಿಯುತ್ತದೆ. ಕಂಬಿಯ ಲೆಕ್ಕ ಮಾತ್ರ ಎಂಜಿನಿಯರ್ ಹತ್ತಿರವೇ ಹಾಕಿಸಿ.

ತಾರಸಿ ಆದ ಮೇಲೆ ಬಿಳಿ ಸುಣ್ಣ ಬಳಿಯಿರಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಬೇರಿಯಂ ಸಲ್ಫೇಟಿನಿಂದ, ಬಿಸಿಲಿನಲ್ಲಿ ನೂರಕ್ಕೆ 98.1 ಪಾಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಮಾಡಿ ತೋರಿಸಿದರು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ತಾರಸಿಗೆಂದೇ ಒಂದು ನೀತಿ ತಂದಿತು. ಸುಣ್ಣ ಅಷ್ಟು ಮಾಡದಿದ್ದರೂ ದಾರಿ ಅದೇ. ನಮ್ಮ ತಾರಸಿಯಲ್ಲಿ ಒಂದು ವರ್ಷ ಅರ್ಧಕ್ಕೆ ಮಾತ್ರ ಸುಣ್ಣ ಬಳಿದಿದ್ದೆವು. ಏಪ್ರಿಲ್ ಮಧ್ಯಾಹ್ನ ಸಂಡಿಗೆ ಮಗುಚಲು ಹೋದ ಅಮ್ಮ ಬರಿಗಾಲಿನಲ್ಲಿ ಬಿಳಿ ಭಾಗದ ಮೇಲೆ ನಿಂತೇ ಕೆಲಸ ಮುಗಿಸಿದರು. ಬೂದು ಭಾಗಕ್ಕೆ ಕಾಲಿಟ್ಟ ನಾನು ಹಿಂದಕ್ಕೆ ನೆಗೆದೆ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೋಟ್ ಹೊಡೆಯಿರಿ, ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಮತ್ತೆ ಬಳಿಯಬೇಕು. ಗಾಳಿಗೆ ಬಿಟ್ಟಿದ್ದ ಇಂಗಾಲದ ಒಂದಿಷ್ಟನ್ನು ಸುಣ್ಣ ಒಣಗುವಾಗ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕಾಂಕ್ರೀಟು ಕೂಡ ಇದನ್ನು ನಿಧಾನವಾಗಿ ಮಾಡುತ್ತದೆ. 1930ರಿಂದ 2013ರವರೆಗೆ ಸಿಮೆಂಟಿನ ಕಲ್ಲಿನಿಂದ ಹೊರಟ ಇಂಗಾಲದಲ್ಲಿ ನೂರಕ್ಕೆ 43 ಪಾಲನ್ನು ಕಟ್ಟಡಗಳೇ ಮತ್ತೆ ಹೀರಿವೆ ಎಂದು 2016ರ ಒಂದು ಅಧ್ಯಯನ ಅಂದಾಜಿಸಿತು. ಕಲ್ಲಿದ್ದಲಿನ ಹೊಗೆ ಆ ಲೆಕ್ಕದಲ್ಲಿಲ್ಲ, ಹೀರಲು ದಶಕಗಳೂ ಬೇಕು. ಹಾಗಾಗಿ ಇದನ್ನೇ ನೆಪ ಮಾಡಿಕೊಂಡು ಹೆಚ್ಚು ಸಿಮೆಂಟ್ ಸುರಿಯುವಂತಿಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ನಿವೇಶನದಲ್ಲಿ ಎರಡಡಿ ಗುಂಡಿ ತೋಡಿ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಆ ಮಣ್ಣು, ಒಂದು ಚಿಟಿಕೆ ಉಪ್ಪು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ಕಡೆ ಇಡಿ. ಒಂದು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ಗೋಡು (ನುಣ್ಣನೆ ಹೂಳು), ಕೊನೆಗೆ ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿ ಕೂರಲು ಒಂದು ದಿನ ಬಿಡಿ. ಮೂರೂ ಪದರವನ್ನು ಸ್ಕೇಲಿನಿಂದ ಅಳೆದು ಇಲ್ಲಿ ಬರೆಯಿರಿ. ಮರಳು ಬೆರೆಸಬೇಕೋ ಬೇಡವೋ, ಬೇಕಿದ್ದರೆ ಎಷ್ಟು ಅನ್ನುವುದನ್ನು ಲೆಕ್ಕ ಹಾಕಿ ಹೇಳುತ್ತೇನೆ.